ಹಳೆಯ ಹಾಟ್ ಹ್ಯಾಚ್ ಟ್ರ್ಯಾಕಿಗಿಳಿದಾಗ: ದೋಷ ಎಲ್ಲಿ ಅಡಗಿರುತ್ತದೆ, ಹುಡುಕುವುದು ಹೇಗೆ

ರಸ್ತೆಯ ಮೇಲೆ ಆರು ತಿಂಗಳು ಒಂದು ತಕರಾರೂ ಇಲ್ಲದೆ ಓಡಿದ ಗಾಡಿ. ಟ್ರ್ಯಾಕಿಗೆ ಒಯ್ದ ದಿನ ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ. ಮೂರನೆಯ ಸುತ್ತಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ನಾಲ್ಕನೆಯದರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ. ಟ್ರ್ಯಾಕಿನ ಪಕ್ಕದ ನಿಲುಗಡೆಯಾದ ಪಿಟ್‌ಗೆ ಬಂದು ಇಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಗುರ್ರೆನ್ನುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ಬ್ರೇಕ್ ಸರಿಯಾಗಿದೆ, ಮುಳ್ಳೂ ನಡುವಿನಲ್ಲೇ ಇದೆ. ಮರುದಿನ ಮೆಕ್ಯಾನಿಕ್‌ಗೆ ತೋರಿಸಿದರೆ "ಗಾಡಿ ಚೆನ್ನಾಗೇ ಇದೆಯಲ್ಲ ಸಾರ್" ಅನ್ನುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ತಣ್ಣಗಿರುವಾಗ ಅದು ಚೆನ್ನಾಗೇ ಇರುತ್ತದೆ. ಹಳೆಯ ಗಾಡಿಯ ಕಾಯಿಲೆಗಳಲ್ಲಿ ಅನೇಕವು ಬಿಸಿಯೇರಿದಾಗ ಮಾತ್ರ ಹೊರಬರುವಂಥವು.

ಇಂಥ ಗಾಡಿಗಳ ಮೇಲೆ ಈಗ ಕಣ್ಣು ಬೀಳುತ್ತಿರುವುದಕ್ಕೂ ಕಾರಣವಿದೆ. ಸಣ್ಣ, ಹಗುರ, ಮ್ಯಾನುಯಲ್ ಗೇರಿನ ಚುರುಕು ಕಾರುಗಳು ಹೊಸದಾಗಿ ಸಿಗುವುದು ಕಡಿಮೆಯಾಗುತ್ತಿದೆ. ಫೋರ್ಡ್ 2023ರ ಜುಲೈನಲ್ಲಿ ಫಿಯೆಸ್ಟಾ ತಯಾರಿಕೆಯನ್ನೇ ನಿಲ್ಲಿಸಿತು. ಅದರ ಜೊತೆ ಅದರ ಚುರುಕು ರೂಪವಾದ ಫಿಯೆಸ್ಟಾ ಎಸ್‌ಟಿಯೂ ಹೋಯಿತು. 2024ರಲ್ಲಿ ಹೊಸ ರೂಪ ಪಡೆದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ ಮ್ಯಾನುಯಲ್ ಗೇರ್ ಬಾಕ್ಸ್ ಇಲ್ಲ. ಹೀಗಾಗಿ ಟ್ರ್ಯಾಕಿನ ಹುಚ್ಚು ಹತ್ತಿದವರು ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ಹಳೆಯ ಗಾಡಿಗಳನ್ನು ಎಬ್ಬಿಸುತ್ತಿದ್ದಾರೆ. ಹಾಗೆ ಎಬ್ಬಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಬುಡದಿಂದ ನೋಡೋಣ.

ಯಾವುದಕ್ಕೆ ಹಾಟ್ ಹ್ಯಾಚ್ ಅನ್ನುತ್ತಾರೆ

ಹ್ಯಾಚ್‌ಬ್ಯಾಕ್ ಅಂದರೆ ಡಿಕ್ಕಿ ಬೇರೆಯಾಗಿ ಹೊರಚಾಚಿರದೆ, ಹಿಂದಿನ ಗಾಜಿನ ಸಮೇತ ಮೇಲಕ್ಕೆ ತೆರೆಯುವ ಬಾಗಿಲಿರುವ ಕಾರು. ದಿನಬಳಕೆಯ ಅಂಥ ಕಾರಿಗೆ ಕಂಪನಿಯೇ ಹೆಚ್ಚು ಶಕ್ತಿಯ ಇಂಜಿನ್, ಬಿಗಿಯಾದ ಸಸ್ಪೆನ್ಷನ್, ಒಳ್ಳೆಯ ಬ್ರೇಕ್ ಹಾಕಿ ಮಾರಿದರೆ ಅದು ಹಾಟ್ ಹ್ಯಾಚ್. ಈ ಜಾತಿಗೆ ಹೆಸರು ತಂದದ್ದು 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮರುವರ್ಷ ಮಾರಾಟಕ್ಕೆ ಬಂದ ಗಾಲ್ಫ್ ಜಿಟಿಐ. 1.6 ಲೀಟರ್ ಇಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 810 ಕಿಲೋ. ಐದು ಸಾವಿರ ಮಾರಿದರೆ ಸಾಕೆಂದುಕೊಂಡಿದ್ದ ಕಂಪನಿ ಮೊದಲ ತಲೆಮಾರಿನಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಿತು. 1984ರಲ್ಲಿ ಪೂಜೋ 205 ಜಿಟಿಐ ಬಂತು. 1997ರ ಹೋಂಡಾ ಸಿವಿಕ್ ಟೈಪ್ ಆರ್ ಟರ್ಬೊ ಇಲ್ಲದ 1.6 ಲೀಟರಿನಿಂದ 185 ಅಶ್ವಶಕ್ತಿ ಹಿಂಡಿತು. ಅಷ್ಟೂ ಶಕ್ತಿ ಕೈಗೆ ಸಿಗಬೇಕಾದರೆ ಇಂಜಿನ್ ನಿಮಿಷಕ್ಕೆ 8200 ಸುತ್ತು ಸುತ್ತಬೇಕಿತ್ತು.

ಇವುಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರ. ಹಗುರವಾಗಿರುವುದರಿಂದ ಟೈರ್, ಬ್ರೇಕ್ ಬೇಗ ಸವೆಯುವುದಿಲ್ಲ. ತಿರುವಿನಲ್ಲಿ ಎರಡು ಪಟ್ಟು ಶಕ್ತಿಯ ಕಾರಿಗೂ ಬೆವರಿಳಿಸುತ್ತವೆ. ತೊಂದರೆ ಒಂದೇ, ವಯಸ್ಸು. ಮೇಲೆ ಹೇಳಿದ ಮೂರರಲ್ಲಿ ಕಿರಿಯದಕ್ಕೂ ಇಪ್ಪತ್ತೈದು ದಾಟಿದೆ.

ಟ್ರ್ಯಾಕಿನಲ್ಲಿ ಗಾಡಿಗೆ ಬಿಡುವಿಲ್ಲ

ರಸ್ತೆಯಲ್ಲಿ ಎಂಥ ಅವಸರದವರೂ ಆಕ್ಸಿಲರೇಟರನ್ನು ಪೂರ್ತಿ ಅದುಮುವುದು ಕೆಲವೇ ಸೆಕೆಂಡು. ಆಮೇಲೆ ಸಿಗ್ನಲ್, ಹಂಪ್, ಮುಂದೊಂದು ಲಾರಿ. ಅಷ್ಟರಲ್ಲಿ ಗಾಡಿ ಉಸಿರು ತೆಗೆದುಕೊಳ್ಳುತ್ತದೆ. ಟ್ರ್ಯಾಕಿನಲ್ಲಿ ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷದ ಒಂದು ಸರದಿ. ಅಷ್ಟು ಹೊತ್ತೂ ಒಂದೋ ಪೂರ್ತಿ ವೇಗ, ಇಲ್ಲವೇ ಪೂರ್ತಿ ಬ್ರೇಕ್, ಇಲ್ಲವೇ ಒಂದೇ ಕಡೆಗೆ ವಾಲಿದ ದೀರ್ಘ ತಿರುವು.

ಚಿಕ್ಕ ಲೆಕ್ಕ ಹಾಕೋಣ. ಚಾಲಕರೂ ಸೇರಿ 900 ಕಿಲೋ ತೂಗುವ ಕಾರನ್ನು 160 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಸಿದರೆ ಸುಮಾರು 7.6 ಲಕ್ಷ ಜೂಲ್ ಶಕ್ತಿ ಶಾಖವಾಗುತ್ತದೆ. ಎರಡು ಲೀಟರಿಗೂ ತುಸು ಹೆಚ್ಚು ತಣ್ಣೀರನ್ನು ಕುದಿಗೆ ತರಲು ಅಷ್ಟು ಸಾಕು. ಇದು ಒಂದೇ ಒಂದು ತಿರುವಿಗೆ, ಮೂರ್ನಾಲ್ಕು ಸೆಕೆಂಡಿನಲ್ಲಿ. ಅದೇ ಕಾರನ್ನು ಊರೊಳಗೆ 60ರಿಂದ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಹೋಲಿಸಿದರೆ ಆರು ಪಟ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬ ನಿಯಮದ ಆಟವಿದು. ಅರ್ಧ ನಿಮಿಷದಲ್ಲಿ ಮುಂದಿನ ತಿರುವು ಬಂದೇಬಿಡುತ್ತದೆ, ಹಳೆಯ ಬಿಸಿ ಇಳಿದಿರುವುದಿಲ್ಲ.

ಆದ್ದರಿಂದಲೇ ಅನುಭವಿಗಳು ಒಂದು ಕ್ರಮ ಬಿಡುವುದಿಲ್ಲ: ಮೊದಲು ಗಾಡಿಯನ್ನು ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಗೆ ತರುವುದು, ಆಮೇಲೆ ಶಾಖ ತಡೆಯುವಂತೆ ಮಾಡುವುದು, ಶಕ್ತಿ ಹೆಚ್ಚಿಸುವ ಯೋಚನೆ ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ದೊಡ್ಡ ಶಬ್ದದ ಸೈಲೆನ್ಸರ್ ಮೊದಲ ದಿನವೇ ಬರುತ್ತದೆ, ಬ್ರೇಕ್ ಆಯಿಲ್ ಮಾತ್ರ ಹಿಂದಿನ ಮಾಲೀಕರ ಕಾಲದ್ದು.

ಇಂಜಿನ್ ಬಿಚ್ಚುವ ಮುನ್ನ ತುಕ್ಕು ನೋಡಿ

ಇಂಜಿನ್ ಹೋದರೆ ಇನ್ನೊಂದು ಹಾಕಬಹುದು. ತುಕ್ಕು ತಿಂದ ಬಾಡಿಗೆ ಆ ಅನುಕೂಲವಿಲ್ಲ. ಈ ಕಾರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ; ತಗಡನ್ನು ಮಡಿಸಿ ಬೆಸೆದ ಪೆಟ್ಟಿಗೆಯೇ ಭಾರ ಹೊರುವುದು. ಆ ಪೆಟ್ಟಿಗೆಯ ಒಂದು ಮೂಲೆ ಟೊಳ್ಳಾದರೆ ತಿರುವಿನಲ್ಲಿ ಇಡೀ ಗಾಡಿ ತಿರುಚಿಕೊಳ್ಳುತ್ತದೆ, ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ.

ನೋಡಬೇಕಾದ ಜಾಗಗಳು ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡುವ ಜಾಗ, ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ತಲೆ ಬಾನೆಟ್ ಒಳಗೆ ಬಂದು ಕೂರುವ ತಗಡು, ಹಿಂದಿನ ಆಕ್ಸಲ್ ಬಾಡಿಗೆ ಸೇರುವೆಡೆ, ಕಾಲಡಿಯ ನೆಲ. ಮ್ಯಾಟ್ ಎತ್ತಿ ನೋಡದೆ ನೆಲ ಚೆನ್ನಾಗಿದೆ ಎನ್ನಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು ಟಣ್ ಅನ್ನುತ್ತದೆ, ಒಳಗೆ ತಿಂದುಹೋದದ್ದು ಮಂದವಾಗಿ ದಪ್ ಅನ್ನುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಭಾರ ಹೊರುವ ಜಾಗದಲ್ಲಿ ಪುಟ್ಟಿ ಸಿಕ್ಕಿದರೆ ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದೊಂದೇ ದಾರಿ.

ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ

"ಬರೀ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ" ಎಂಬ ಮಾತಿಗೆ ಲೋಹದ ಭಾಗಗಳ ಮಟ್ಟಿಗೆ ಬೆಲೆಯಿದೆ. ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ವರ್ಷ ಮಾತ್ರ ಗೊತ್ತು.

ಎಲ್ಲಕ್ಕಿಂತ ಮುಖ್ಯ ಟೈಮಿಂಗ್ ಬೆಲ್ಟ್. ಪಿಸ್ಟನ್ ಮೇಲೇರುವುದಕ್ಕೂ ವಾಲ್ವ್ ತೆರೆದು ಮುಚ್ಚುವುದಕ್ಕೂ ತಾಳ ಹೊಂದಿಸುವ ಹಲ್ಲಿನ ಪಟ್ಟಿ ಅದು. ಅನೇಕ ಹಾಟ್ ಹ್ಯಾಚ್ ಇಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ತೆರೆದಿದ್ದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ಒಂದು ಪಟ್ಟಿಯ ಜೊತೆ ಇಡೀ ಹೆಡ್, ಅಂದರೆ ವಾಲ್ವುಗಳು ಕೂತಿರುವ ಇಂಜಿನ್ನಿನ ಮೇಲ್ಭಾಗ, ಹೋಗುತ್ತದೆ. ಹಿಂದೆ ಯಾವಾಗ ಬದಲಿಸಿದ್ದೆಂಬುದಕ್ಕೆ ಲೆಕ್ಕ ಸಿಗದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ಹೊಸದನ್ನು ಹಾಕುವುದು ವಾಡಿಕೆ. ಜೊತೆಗೆ ಅದನ್ನು ಬಿಗಿಯಾಗಿಡುವ ಟೆನ್ಷನರ್, ಬೆಲ್ಟೇ ತಿರುಗಿಸುವಂಥದ್ದಾದರೆ ವಾಟರ್ ಪಂಪ್ ಕೂಡ.

ಪೆಟ್ರೋಲ್ ಹರಿಯುವ ಪೈಪುಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು ಕಂಡರೆ ಅಲ್ಲಿಗೆ ಮುಗಿಯಿತು, ಬದಲಿಸಬೇಕು. ಇಂಜೆಕ್ಷನ್ ಇಂಜಿನ್‌ನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಹರಿಯುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪಿದೆ. ಟ್ರ್ಯಾಕಿನಲ್ಲಿ ಬೆಂಕಿ ಹತ್ತುವುದಕ್ಕೆ ಇಷ್ಟು ಸಾಕು.

ಸಸ್ಪೆನ್ಷನ್ ತೋಳುಗಳು ಬಾಡಿಗೆ ಸೇರುವಲ್ಲಿ ಬುಷ್ ಎಂಬ ರಬ್ಬರ್ ತುಂಡುಗಳಿರುತ್ತವೆ, ನಮ್ಮ ಕೀಲುಗಳ ನಡುವಿನ ಮೃದ್ವಸ್ಥಿಯ ಹಾಗೆ. ಅವು ಸಡಿಲವಾದರೆ ಬ್ರೇಕ್ ಹಿಡಿದಾಗ ಚಕ್ರ ತನ್ನಷ್ಟಕ್ಕೆ ಹಿಂದೆಮುಂದೆ ಸರಿಯುತ್ತದೆ. ಸ್ಟೇರಿಂಗ್ ನೇರ ಹಿಡಿದಿದ್ದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಪೂಜೋ 205ರದ್ದು ಇನ್ನೊಂದು ಕಥೆ. ಅದರ ಹಿಂದಿನ ತೋಳುಗಳು ಸೂಜಿಯಂಥ ರೋಲರ್ ಬೇರಿಂಗ್ ಮೇಲೆ ತಿರುಗುತ್ತವೆ. ಒಳಗೆ ನೀರು ಸೇರಿ ಅವು ತುಕ್ಕು ಹಿಡಿದರೆ ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿ ನಿಲ್ಲುತ್ತವೆ. ಹಿಂದಿನಿಂದ ನೋಡಿದರೆ ಕಾಲು ಅಗಲಿಸಿ ನಿಂತಂತೆ ಕಾಣುತ್ತದೆ. ಯಾರೋ ಬೇಕೆಂದೇ ಕ್ಯಾಂಬರ್ (ಚಕ್ರದ ಓರೆ) ಕೊಟ್ಟಿದ್ದಾರೆ ಎಂದು ಮೆಚ್ಚಿಕೊಳ್ಳುವವರೂ ಇದ್ದಾರೆ.

ಟೈರಿನ ವಯಸ್ಸು ಅದರ ಮೈಮೇಲೇ ಬರೆದಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ: 2319 ಅಂದರೆ 2019ರ 23ನೆಯ ವಾರ. ಗೀರು ಎಷ್ಟೇ ಆಳವಾಗಿ ಉಳಿದಿದ್ದರೂ ಗಟ್ಟಿಯಾದ ಹಳೆಯ ರಬ್ಬರ್ ನೆಲ ಹಿಡಿಯುವುದಿಲ್ಲ.

ಬ್ರೇಕ್: ಮೆತ್ತಗಾದರೆ ಒಂದು ಕಾಯಿಲೆ, ಗಟ್ಟಿಯಾದರೆ ಇನ್ನೊಂದು

ಪೆಡಲ್ ತುಳಿದಾಗ ಪೈಪಿನೊಳಗಿನ ದ್ರವ ಕ್ಯಾಲಿಪರ್ ಒಳಗಿನ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ದ್ರವವನ್ನು ಅದುಮಿ ಕಿರಿದು ಮಾಡಲಾಗದು. ಕಾಲಿನ ಒತ್ತಡ ಪೂರ್ತಿ ಚಕ್ರ ಮುಟ್ಟುವುದು ಅದರಿಂದಲೇ. ಆವಿಯನ್ನು ಮಾತ್ರ ಸುಲಭವಾಗಿ ಅದುಮಬಹುದು.

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ಡಾಟ್ 4 ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ, ಮುಚ್ಚಳ ತೆರೆದಿಟ್ಟ ಉಪ್ಪಿನ ಹಾಗೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ರಸ್ತೆಯಲ್ಲಿ ಕ್ಯಾಲಿಪರ್ ಅಷ್ಟು ಕಾಯುವುದೇ ಅಪರೂಪ, ಹಾಗಾಗಿ ಹತ್ತು ವರ್ಷದ ಹಳೆಯ ದ್ರವವೂ ಕೆಲಸ ಮಾಡುತ್ತಲೇ ಇರುತ್ತದೆ. ಟ್ರ್ಯಾಕಿನಲ್ಲಿ ಮೂರನೆಯ ಸುತ್ತಿಗೆ ಅದು ಕುದಿದು, ಪೈಪಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಖರ್ಚಾಗಿ ಪೆಡಲ್ ನೆಲ ಮುಟ್ಟುತ್ತದೆ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ. ಮೊದಲು ಹೇಳಿದ ಮೆಕ್ಯಾನಿಕ್‌ಗೆ ಏನೂ ಕಾಣದಿದ್ದುದು ಇದಕ್ಕೇ.

ಇನ್ನೊಂದು ಬಗೆಯಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಇದು ಪ್ಯಾಡಿನ ಸೋಲು. ಪ್ಯಾಡಿನ ಪುಡಿಯನ್ನು ಹಿಡಿದಿಟ್ಟಿರುವ ಅಂಟು ಅತಿಯಾಗಿ ಕಾದಾಗ ಅನಿಲ ಬಿಡುತ್ತದೆ. ಆ ಅನಿಲದ ಪದರ ಡಿಸ್ಕಿಗೂ ಪ್ಯಾಡಿಗೂ ನಡುವೆ ಜಾರುಬಂಡೆಯಂತೆ ಕೂರುತ್ತದೆ. ಹೀಗೆ ಪೆಡಲ್ ಮೆತ್ತಗಾಯಿತೋ ಗಟ್ಟಿಯಾಗಿತ್ತೋ ಎಂಬುದೊಂದೇ ಪ್ರಶ್ನೆ ಅರ್ಧ ರೋಗ ಗುರುತಿಸುತ್ತದೆ. ಮೊದಲನೆಯದಕ್ಕೆ ಹೊಸ, ಹೆಚ್ಚು ಕುದಿಬಿಂದುವಿನ ದ್ರವ. ಎರಡನೆಯದಕ್ಕೆ ಟ್ರ್ಯಾಕಿಗೆಂದೇ ಮಾಡಿದ ಪ್ಯಾಡ್. ಒಂದು ಎಚ್ಚರಿಕೆ: ಅಂಥ ಪ್ಯಾಡುಗಳಲ್ಲಿ ಅನೇಕವು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಗ್ಗೆ ಮನೆಯಿಂದ ಹೊರಟ ಮೊದಲ ತಿರುವಿನಲ್ಲೇ ಇದರ ಪರಿಚಯವಾಗುತ್ತದೆ. ಇನ್ನು ಡಾಟ್ 5 ಎಂಬ ಹೆಸರಿನದು ಸಿಲಿಕೋನ್ ದ್ರವ, ಡಾಟ್ 4 ಜೊತೆ ಬೆರೆಸಕೂಡದು. ಡಾಟ್ 5.1 ಬೇರೆ, ಅದು ಡಾಟ್ 4ರ ಕುಲದ್ದೇ.

ದ್ರವ ಹೊಸದು, ಗಾಳಿಯೂ ತೆಗೆದಾಗಿದೆ, ತಣ್ಣಗಿರುವಾಗಲೂ ಪೆಡಲ್ ಮೆತ್ತಗೇ ಇದೆ ಎಂದಾದರೆ ಚಕ್ರದ ಬಳಿಯ ರಬ್ಬರ್ ಹೋಸ್ ಹಿಡಿದುಕೊಂಡು ಇನ್ನೊಬ್ಬರಿಂದ ಪೆಡಲ್ ತುಳಿಸಿ. ಕೈಯಲ್ಲೇ ಅದು ಉಬ್ಬುವುದು ತಿಳಿದರೆ ಹೋಸಿನ ಆಯಸ್ಸು ಮುಗಿದಿದೆ. ಹಳೆಯ ಕ್ಯಾಲಿಪರ್‌ಗಳ ಇನ್ನೊಂದು ಚಾಳಿ ಪಿಸ್ಟನ್ ಹೊರಬಂದದ್ದು ಹಿಂದೆ ಸರಿಯದೆ ಕಚ್ಚಿಕೊಳ್ಳುವುದು. ನಾಲ್ಕೈದು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ, ಇಳಿದು ನಾಲ್ಕೂ ಚಕ್ರದ ಶಾಖ ಹೋಲಿಸಿ. ಒಂದು ಮಾತ್ರ ಸುಡುತ್ತಿದ್ದರೆ ಕಳ್ಳ ಅಲ್ಲಿದ್ದಾನೆ.

ಆಯಿಲ್ ಇದ್ದೂ ಇಂಜಿನ್ ಒಣಗುವುದು

ತುಂಬಿದ ಬಕೆಟ್ ಹಿಡಿದು ಜೋರಾಗಿ ತಿರುಗಿದರೆ ನೀರು ಒಂದು ಪಕ್ಕಕ್ಕೆ ಏರುತ್ತದೆ. ಇಂಜಿನ್ ಅಡಿಯ ಸಂಪಿನಲ್ಲಿ ಆಯಿಲ್‌ಗೂ ಅದೇ ಗತಿ. ಒಳ್ಳೆಯ ಟೈರ್ ಹಾಕಿದ ಹಗುರ ಕಾರು ತಿರುವಿನಲ್ಲಿ ಭೂಮಿಯ ಸೆಳೆತದಷ್ಟೇ ಬಲವನ್ನು ಅಡ್ಡಲಾಗಿ ಹುಟ್ಟಿಸಬಲ್ಲದು; ಆಗ ಆಯಿಲ್ ಮಟ್ಟ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಹೀರುಕೊಳವೆಯ ಬಾಯಿ ಬರಿದಾದರೆ ಆಯಿಲ್ ಪಂಪ್ ಗಾಳಿ ಕುಡಿಯುತ್ತದೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗ್ ಮುಟ್ಟದೆ ತೇಲುತ್ತಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಆ ಪದರ ಎರಡು ಸೆಕೆಂಡು ತಪ್ಪಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ.

ರಸ್ತೆಯಲ್ಲಿ ಇದು ಆಗುವುದಿಲ್ಲ, ಅಷ್ಟು ದೀರ್ಘ ತಿರುವು ಅಷ್ಟು ವೇಗದಲ್ಲಿ ಸಿಗುವುದಿಲ್ಲ. ಟ್ರ್ಯಾಕಿಗೆ ಹೋಗುವ ಮುನ್ನ ಮಾಡಬಹುದಾದ ಅತಿ ಸುಲಭದ ಕೆಲಸ, ಡಿಪ್‌ಸ್ಟಿಕ್‌ನ ಮೇಲಿನ ಗೆರೆ ಮುಟ್ಟುವಷ್ಟು ಆಯಿಲ್ ಇಡುವುದು. ಅದರ ಮೇಲಿನ ಹಂತ, ಆಯಿಲ್ ಓಡಾಟ ತಡೆಯುವ ಅಡ್ಡತಗಡುಗಳಿರುವ ಸಂಪ್. ಜೊತೆಗೊಂದು ಆಯಿಲ್ ಪ್ರೆಶರ್ ಮೀಟರ್ ಹಾಕಿದರೆ ತಿರುವಿನ ನಡುವೆ ಮುಳ್ಳು ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಕಂಪನಿ ಕೊಟ್ಟ ಕೆಂಪು ದೀಪ ಹೊತ್ತುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ.

ನೀರಿನ ಸಂಗತಿ

ರೇಡಿಯೇಟರ್ ಮುಚ್ಚಳ ಪ್ರೆಶರ್ ಕುಕ್ಕರಿನ ವಿಸಿಲ್‌ನಂತೆ ಒಳಗೆ ಒತ್ತಡ ಹಿಡಿದಿಡುತ್ತದೆ. ಒತ್ತಡ ಒಂದು ಬಾರ್ ಏರಿದರೆ ನೀರು 100ರ ಬದಲು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ತಾಳುತ್ತದೆ. ಮುಚ್ಚಳದ ರಬ್ಬರ್ ಸೋತಿದ್ದರೆ ಆ ಇಪ್ಪತ್ತು ಡಿಗ್ರಿಯ ರಕ್ಷಣೆಯೇ ಇಲ್ಲ. ಬಿಸಿ ಇರುವಾಗ ಅದನ್ನು ತೆರೆಯಬಾರದೆಂಬುದೂ ಇದೇ ಕಾರಣಕ್ಕೆ.

ಗಾಡಿ ನಿಧಾನ ಹೋಗುವಾಗ ಬಿಸಿಯಾಗಿ, ವೇಗದಲ್ಲಿ ತಣ್ಣಗಾದರೆ ಫ್ಯಾನ್ ಅಥವಾ ಅದರ ಸ್ವಿಚ್ ನೋಡಿ. ವೇಗದಲ್ಲೇ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಬಿಸಿಗೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು. ಕೂಲೆಂಟ್ ಕಡಿಮೆಯಾಗುತ್ತಲೇ ಇದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಹೆಡ್ಡಿನ ಅಡಿಯ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ.

ದೋಷ ಹುಡುಕುವುದು: "ಏನು" ಕೇಳುವ ಮೊದಲು "ಯಾವಾಗ" ಕೇಳಿ

ಪೆಟ್ರೋಲ್ ಇಂಜಿನ್ ಓಡಲು ನಾಲ್ಕು ಬೇಕು: ಗಾಳಿ, ಪೆಟ್ರೋಲ್, ಹೊತ್ತಿಗೆ ಸರಿಯಾದ ಕಿಡಿ, ಸಿಲಿಂಡರಿನಲ್ಲಿ ಒತ್ತಡ. ಯಾವ ದೋಷವೂ ಈ ನಾಲ್ಕರ ಹೊರಗಿಲ್ಲ. ಆದರೂ ತಿಂಗಳುಗಟ್ಟಲೆ ಸಿಕ್ಕದೆ ಸತಾಯಿಸುವುದೇಕೆಂದರೆ, ಅಳತೆ ಮಾಡದೆ ಸಾಮಾನು ಬದಲಿಸುತ್ತ ಹೋಗುವುದರಿಂದ. ಪ್ಲಗ್ ಹೊಸದು, ಕಾಯಿಲ್ ಹೊಸದು, ಇಂಜೆಕ್ಟರ್ ಹೊಸದು, ಮಿಸ್ಸಿಂಗ್ ಮಾತ್ರ ಹಳೆಯದೇ.

ಇಂಜಿನ್ ಮಿಸ್ ಹೊಡೆಯುತ್ತಿದೆ ಎಂದುಕೊಳ್ಳಿ, ಅಂದರೆ ನಾಲ್ಕು ಸಿಲಿಂಡರಿನಲ್ಲಿ ಒಂದು ಆಗಾಗ ಉರಿಯುತ್ತಿಲ್ಲ. ಉದ್ದನೆಯ ತಿರುವಿನಲ್ಲಿ ಮಾತ್ರ, ಅದೂ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಆಗುತ್ತಿದ್ದರೆ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗುತ್ತಿಲ್ಲ. ಟ್ಯಾಂಕ್ ತುಂಬಿಸಿ ಓಡಿಸಿದಾಗ ಮಾಯವಾದರೆ ಅದೇ ಖಚಿತ. ಪೂರ್ತಿ ಆಕ್ಸಿಲರೇಟರಿನಲ್ಲಿ ಮಾತ್ರ ಆಗುತ್ತಿದ್ದರೆ ಕಿಡಿಯ ಕಡೆ ನೋಡಿ. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸೋತ ಕಾಯಿಲ್, ಬಿರುಕುಬಿಟ್ಟ ಪ್ಲಗ್ ವೈರ್ ಆಗ ಕೈಕೊಡುತ್ತವೆ. ಚೆನ್ನಾಗಿ ಕಾದ ಮೇಲೆ ಇಂಜಿನ್ ತಟ್ಟನೆ ನಿಂತು, ತಣಿದ ಮೇಲೆ ತಾನೇ ಸ್ಟಾರ್ಟ್ ಆದರೆ ಕ್ರ್ಯಾಂಕ್ ಶಾಫ್ಟಿನ ತಿರುಗು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಕಿಡಿ ನಿಯಂತ್ರಿಸುವ ಇಗ್ನಿಷನ್ ಮಾಡ್ಯೂಲ್ ಮೇಲೆ ಗುಮಾನಿ. ಅವುಗಳೊಳಗಿನ ಸಣ್ಣ ಬೆಸುಗೆಯೋ ತಂತಿಯೋ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ.

ಮೊದಲ ಗಾಲ್ಫ್ ಜಿಟಿಐಯಲ್ಲಿದ್ದ ಬಾಷ್ ಕೆ-ಜೆಟ್ರೋನಿಕ್ ಇಂಜೆಕ್ಷನ್ನಿಗೆ ಅದರದ್ದೇ ಸ್ವಭಾವವಿದೆ. ಅದರಲ್ಲಿ ಕಂಪ್ಯೂಟರ್ ಇಲ್ಲ. ಒಳನುಗ್ಗುವ ಗಾಳಿ ಒಂದು ತಟ್ಟೆಯನ್ನು ಎತ್ತುತ್ತದೆ, ತಟ್ಟೆ ಎದ್ದಷ್ಟು ಪೆಟ್ರೋಲ್ ನಿಲ್ಲದೆ ಹರಿಯುತ್ತದೆ. ಇಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿಯಲೆಂದು ಅಕ್ಯುಮುಲೇಟರ್ ಎಂಬ ಸಣ್ಣ ಡಬ್ಬಿಯಿದೆ. ಅದು ಕೆಟ್ಟರೆ ಒತ್ತಡ ಇಳಿದು, ಬಾನೆಟ್ ಒಳಗಿನ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿ ಬಿಸಿಯಲ್ಲಿ ಎಷ್ಟು ತಿರುಗಿಸಿದರೂ ಜಪ್ಪಯ್ಯ ಎನ್ನುವುದಿಲ್ಲ. ಆರಂಭದಲ್ಲಿ ಹೇಳಿದ ಪಿಟ್‌ನ ಅರ್ಧ ಗಂಟೆಗೆ ಇದೂ ಒಂದು ಉತ್ತರ.

ವಯರಿಂಗ್‌ನದ್ದು ಸ್ವಲ್ಪ ವಿವರವಾಗಿ ಹೇಳಬೇಕು, ಹಳೆಯ ಗಾಡಿಯಲ್ಲಿ ಜನರನ್ನು ಹೆಚ್ಚು ಹುಚ್ಚರಾಗಿಸುವುದು ಅದೇ. ಬ್ಯಾಟರಿಯಿಂದ ಹೊರಟ ಕರೆಂಟ್ ಬಾಡಿಯ ತಗಡಿನ ಮೂಲಕ ವಾಪಸು ಬರಬೇಕು; ತಗಡಿಗೆ ತಂತಿ ಕಚ್ಚಿಸಿದ ಜಾಗವೇ ಅರ್ಥ್. ಅಲ್ಲಿ ತುಕ್ಕು ಕೂತರೆ ಕರೆಂಟಿಗೆ ತಡೆ. 8 ಆಂಪಿಯರ್ ಎಳೆಯುವ ಪೆಟ್ರೋಲ್ ಪಂಪಿನ ದಾರಿಯಲ್ಲಿ ಕಾಲು ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಖೋತಾ. 12ರ ಜಾಗದಲ್ಲಿ ಪಂಪಿಗೆ ಸಿಗುವುದು 10. ಐಡಲಿನಲ್ಲಿ ಅಷ್ಟು ಸಾಕು, ಪೂರ್ತಿ ವೇಗದಲ್ಲಿ ಸಾಲದು. ಇದನ್ನು ಮಲ್ಟಿಮೀಟರಿನ ಓಮ್ ಗುಂಡಿಯಿಂದ ಹಿಡಿಯಹೋಗಿ ಮೋಸಹೋಗುವವರು ಬಹಳ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದುಹೋದ ತಂತಿಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಏಕೆಂದರೆ ಮೀಟರ್ ಕಳಿಸುವ ಕರೆಂಟ್ ತೀರಾ ಅಲ್ಪ. ಪಂಪ್ ಓಡುತ್ತಿರುವಾಗಲೇ ಮೀಟರಿನ ಒಂದು ಮೊನೆ ಪಂಪಿನ ಅರ್ಥ್ ತುದಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿದು ವೋಲ್ಟ್ ಅಳೆಯಬೇಕು. ಸೊನ್ನೆಯ ಹತ್ತಿರವಿದ್ದರೆ ದಾರಿ ಸರಿ. ಅರ್ಧ, ಒಂದು ವೋಲ್ಟ್ ತೋರಿಸಿದರೆ ತುಕ್ಕು ಕೆರೆದು ಬಿಗಿ ಮಾಡುವ ಕೆಲಸವಿದೆ.

ಒತ್ತಡದ ಪರೀಕ್ಷೆಗೆ ಇಂಜಿನ್ ಬಿಸಿ ಮಾಡಿ, ಕಿಡಿ ಮತ್ತು ಪೆಟ್ರೋಲ್ ಎರಡೂ ಬರದಂತೆ ಮಾಡಿ, ಪ್ಲಗ್ ಎಲ್ಲ ತೆಗೆದು, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸುತ್ತಾರೆ. ಮೂರು ಸಿಲಿಂಡರ್ 12 ಬಾರ್ ತೋರಿಸಿ ಒಂದು 8 ತೋರಿಸಿತೆನ್ನಿ. ಆ ಒಂದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ; ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು ಅಷ್ಟೆ. ಏರದಿದ್ದರೆ ಸೋರಿಕೆ ಮೇಲೆ, ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿಡಿ. ತಿಳಿ ಕಂದು ಬಣ್ಣ ಆರೋಗ್ಯ, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆಯಾಗಿ ಅತಿಯಾಗಿ ಕಾದಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ. ಮೂರು ಸಾಮಾನು ಒಟ್ಟಿಗೆ ಬದಲಿಸಿ ಗಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಯಾವತ್ತೂ ತಿಳಿಯದು. ಹೊಸ ದೋಷ ಹುಟ್ಟಿದರೆ ಮೂವರು ಆರೋಪಿಗಳು.

ಮುಂದಿನ ಚಕ್ರಕ್ಕೇ ಎಲ್ಲ ಹೊರೆ

ಮುಂದಿನ ಚಕ್ರದಿಂದ ಎಳೆಯುವ ಕಾರಿನಲ್ಲಿ ಆ ಎರಡು ಟೈರು ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಬಹುಪಾಲನ್ನೂ ಹೊರಬೇಕು. ಟೈರಿನ ಹಿಡಿತ ಸಂಬಳವಿದ್ದಂತೆ. ಎಳೆಯುವುದಕ್ಕೆ ಖರ್ಚು ಮಾಡಿದ್ದು ತಿರುಗುವುದಕ್ಕೆ ಉಳಿಯುವುದಿಲ್ಲ. ತಿರುವಿನ ನಡುವೆ ಆಕ್ಸಿಲರೇಟರ್ ಹೆಚ್ಚು ಕೊಟ್ಟರೆ ಗಾಡಿ ಹೊರಕ್ಕೆ ಜಾರುವುದು ಇದರಿಂದ. ಅದೇ ಗಾಬರಿಯಲ್ಲಿ ಕಾಲು ತಟ್ಟನೆ ತೆಗೆದರೆ ಭಾರ ಮುಂದಕ್ಕೆ ವಾಲಿ ಹಿಂಬದಿ ಹಗುರಾಗಿ ಹಿಂದಿನ ಚಕ್ರಗಳು ಜಾರುತ್ತವೆ. 205 ಜಿಟಿಐ ಈ ಗುಣಕ್ಕೆ ಹೆಸರುವಾಸಿ. ಗೊತ್ತಿದ್ದವರಿಗೆ ಅದು ಆಟ, ಗೊತ್ತಿಲ್ಲದವರು ಮುಖ ತಿರುಗಿ ನಿಂತಿರುತ್ತಾರೆ.

ಗಾಡಿಯನ್ನು ಸಿಕ್ಕಾಪಟ್ಟೆ ತಗ್ಗಿಸುವುದು ನೋಟಕ್ಕೆ ಚೆಂದ. ಆದರೆ ಮುಂದೆ ಸ್ಟ್ರಟ್ ಇರುವ ಕಾರಿನಲ್ಲಿ ಕೆಳತೋಳು ಅಡ್ಡಗೆರೆ ದಾಟಿ ಮೇಲ್ಮುಖವಾದರೆ, ತಿರುವಿನಲ್ಲಿ ಚಕ್ರ ನೆಲಕ್ಕೆ ಕೂರುವ ಬದಲು ಹೊರಕ್ಕೆ ವಾಲುತ್ತದೆ, ಬಾಡಿ ಇನ್ನಷ್ಟು ಓಲಾಡುತ್ತದೆ. ತಗ್ಗಿಸಿದ ಮೇಲೆ ಗಾಡಿ ನಿಧಾನವಾಯಿತು ಎನ್ನುವವರ ಮಾತು ಭ್ರಮೆಯಲ್ಲ. ಅದಕ್ಕಿಂತ ಮುಂದಿನ ಚಕ್ರದ ತಲೆಯನ್ನು ಎರಡು ಮೂರು ಡಿಗ್ರಿ ಒಳಕ್ಕೆ ವಾಲಿಸುವುದು ಹೆಚ್ಚು ಫಲ ಕೊಡುತ್ತದೆ. ಇದಕ್ಕೇ ನೆಗೆಟಿವ್ ಕ್ಯಾಂಬರ್ ಎನ್ನುವುದು. ಸಾಕೋ ಬೇಕೋ ಎಂಬುದನ್ನು ಟೈರೇ ಹೇಳುತ್ತದೆ. ಪಿಟ್‌ಗೆ ಬಂದ ಕೂಡಲೇ ಟೈರಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಶಾಖ ಅಳೆದಾಗ ಹೊರಅಂಚು ಹೆಚ್ಚು ಸುಡುತ್ತಿದ್ದರೆ ಇನ್ನಷ್ಟು ಕ್ಯಾಂಬರ್ ಬೇಕು, ನಡು ಸುಡುತ್ತಿದ್ದರೆ ಗಾಳಿ ಹೆಚ್ಚಾಗಿದೆ.

ಒಳಗಿನ ಕಬ್ಬಿಣ, ಮೊದಲ ದಿನದ ಪಟ್ಟಿ

ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಛಾವಣಿ ಕುಸಿಯದಂತೆ ಒಳಗೆ ಕೂರಿಸುವ ಉಕ್ಕಿನ ಕೊಳವೆಗಳ ಪಂಜರ, ಹೆಲ್ಮೆಟ್ ತೊಟ್ಟವರಿಗೆ ಮಾಡಿದ್ದು. ಅದೇ ಗಾಡಿಯಲ್ಲಿ ಬರಿತಲೆಯಲ್ಲಿ ರಸ್ತೆಗೆ ಹೋದರೆ ಆ ಕೊಳವೆಯೇ ತಲೆಗೆ ಶತ್ರು. ಭುಜ ಕಟ್ಟುವ ಹಾರ್ನೆಸ್ ಕೂಡ ಒಂಟಿಯಾಗಿ ಹಾಕುವಂಥದ್ದಲ್ಲ: ಛಾವಣಿ ಕುಸಿದಾಗ ಮಾಮೂಲಿ ಬೆಲ್ಟ್ ದೇಹ ಪಕ್ಕಕ್ಕೆ ವಾಲಲು ಬಿಡುತ್ತದೆ, ಹಾರ್ನೆಸ್ ನೆಟ್ಟಗೆ ಕೂರಿಸಿ ಬಿಡುತ್ತದೆ. ಪಂಜರ, ಸೀಟು, ಹಾರ್ನೆಸ್ ಮೂರನ್ನೂ ಒಂದೇ ಸಾಮಾನೆಂದು ಎಣಿಸಬೇಕು. ರಸ್ತೆಯ ವಿಮೆ ಸಾಮಾನ್ಯವಾಗಿ ಟ್ರ್ಯಾಕಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೊರಡುವ ಮುನ್ನ ಪಾಲಿಸಿ ತೆಗೆದು ಓದಿಕೊಳ್ಳಿ.

ಮೊದಲ ಸರದಿ ಐದು ನಿಮಿಷ ಸಾಕು. ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ನಿಧಾನ ಓಡಿಸಿ, ಓಡುವ ಗಾಳಿಗೆ ಡಿಸ್ಕ್ ತಣಿಯಲಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಕಡೆ ಕಚ್ಚಿ ಹಿಡಿದರೆ ಆಮೇಲೆ ಬ್ರೇಕ್ ತುಳಿದಾಗಲೆಲ್ಲ ಅದುರುತ್ತದೆ. ಬಾನೆಟ್ ತೆರೆದು ವಾಸನೆ ನೋಡಿ, ಅಡಿಯಲ್ಲಿ ಹನಿ ಬಿದ್ದಿದೆಯೇ ಬಗ್ಗಿ ನೋಡಿ. ತುಸು ತಣಿದ ಮೇಲೆ ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಿ.

ಟೈರಿನ ಗಾಳಿಯನ್ನು ಮಾತ್ರ ಬಿಸಿಯಿರುವಾಗಲೇ ನೋಡಬೇಕು. ಬೆಳಗ್ಗೆ 28 ಪಿಎಸ್‌ಐ ತುಂಬಿದ ಟೈರ್ ಐವತ್ತು ಡಿಗ್ರಿ ಹೆಚ್ಚು ಕಾದರೆ 35 ತೋರಿಸುತ್ತದೆ, ಅದನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳುತ್ತಾರೆ. ಸಂಜೆ ಮನೆಗೆ ಹೊರಡುವಾಗ ಮರೆಯಬಾರದ್ದೂ ಇದನ್ನೇ: ಬಿಸಿಯಲ್ಲಿ 30ಕ್ಕೆ ಇಳಿಸಿದ್ದ ಟೈರು ತಣಿದ ಮೇಲೆ 23ರ ಆಸುಪಾಸಿಗೆ ಬಂದಿರುತ್ತದೆ. ಗೇಟ್ ದಾಟುವ ಮೊದಲು ಗಾಳಿ ತುಂಬಿಸಿಕೊಳ್ಳಿ.